ಲೋಟಕ್ಕೆ ಬಂದ ಗೋಧಿಹುಲ್ಲು

ಭತ್ತ, ರಾಗಿ, ಜೋಳ, ನವಣೆ, ಗೋಧಿ ಎಲ್ಲವೂ ಹುಲ್ಲಿನ ಕುಲಕ್ಕೇ ಸೇರಿದವು. ಮನುಷ್ಯ ಬೇಸಾಯ ಕಲಿತ ಸುಮಾರು ಹತ್ತು ಸಾವಿರ ವರ್ಷಗಳಿಂದ ಈ ಹುಲ್ಲುಗಳನ್ನು ಹಂಚಿಕೊಳ್ಳುವ ಪದ್ಧತಿ ಮಾತ್ರ ಬದಲಾಗಿಲ್ಲ. ಕಾಳು ನಮಗೆ, ಎಲೆ ದಂಟು ದನಕ್ಕೆ. ಇದಕ್ಕೆ ಗಟ್ಟಿಯಾದ ಕಾರಣವಿದೆ. ಹುಲ್ಲಿನ ಎಲೆಯ ಪ್ರತಿ ಜೀವಕೋಶದ ಸುತ್ತಲೂ ಸೆಲ್ಯುಲೋಸ್ ಗೋಡೆಯಿದೆ. ಅದನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿ ಹುಟ್ಟುವುದಿಲ್ಲ. ಹಸುವಿನಲ್ಲೂ ಹುಟ್ಟುವುದಿಲ್ಲ, ಆದರೆ ಹಸು ತನ್ನ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡು ಅವುಗಳಿಂದ ಆ ಕೆಲಸ ಮಾಡಿಸುತ್ತದೆ, ಮತ್ತೆ ಮತ್ತೆ ಮೆಲುಕು ಹಾಕುತ್ತದೆ. ನಮಗೆ ಆ ಭಾಗ್ಯವಿಲ್ಲ.

ಹೀಗಿದ್ದೂ ಇಪ್ಪತ್ತನೆಯ ಶತಮಾನದಲ್ಲಿ ಗೋಧಿಯ ಎಳೆ ಹುಲ್ಲು ಮನುಷ್ಯರ ಲೋಟದೊಳಕ್ಕೆ ಬಂದಿತು. ಇಂದು ಬೆಂಗಳೂರಿನ ಉದ್ಯಾನಗಳ ಬಾಗಿಲಲ್ಲಿ ಬೆಳಗಿನ ಹೊತ್ತು ಬೂದುಗುಂಬಳದ ರಸ, ಹಾಗಲದ ರಸಗಳ ಜೊತೆ ಗೋಧಿಹುಲ್ಲಿನ ರಸವೂ ಮಾರಾಟವಾಗುತ್ತದೆ. ಕುಡಿಯುವವರು ಹೇಳುವ ಕಾರಣ ಹೆಚ್ಚು ಕಡಿಮೆ ಒಂದೇ: ರಕ್ತ ಶುದ್ಧಿಯಾಗುತ್ತದೆ, ರಕ್ತ ಹೆಚ್ಚುತ್ತದೆ. ಈ ಮಾತು ಎಲ್ಲಿಂದ ಬಂತು, ಇದರಲ್ಲಿ ಎಷ್ಟು ನಿಜ ಎನ್ನುವುದನ್ನು ಹುಡುಕುತ್ತಾ ಹೋದರೆ ಆಹಾರ ವಿಜ್ಞಾನದ ನೂರು ವರ್ಷದ ಚರಿತ್ರೆಯೇ ಎದುರಾಗುತ್ತದೆ.

ಗೋಧಿಯ ಎಳೆ ಸಸಿಗೆ ಮನುಷ್ಯನ ಬದುಕಿನಲ್ಲಿ ಸ್ಥಾನವೇ ಇರಲಿಲ್ಲ ಎಂದಲ್ಲ. ನಮ್ಮ ಮದುವೆ, ಉಪನಯನಗಳ ಅಂಕುರಾರ್ಪಣೆಯಲ್ಲಿ ಧಾನ್ಯ ಬಿತ್ತುತ್ತಾರೆ. ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಘಟದ ಸುತ್ತ ಹರಡಿದ ಮಣ್ಣಿನಲ್ಲಿ ಗೋಧಿ ಮೊಳೆಯುತ್ತದೆ. ಇರಾನಿನವರು ಮಾರ್ಚ್ ತಿಂಗಳ ಹೊಸ ವರ್ಷ ನೌರೂಜ್‌ಗೆ ತಟ್ಟೆಯಲ್ಲಿ ಗೋಧಿಯನ್ನೋ ಮಸೂರವನ್ನೋ ಚಿಗುರಿಸಿ ಪೂಜ್ಯಭಾವದಿಂದ ಇಡುತ್ತಾರೆ. ಹದಿಮೂರನೆಯ ದಿನ ಹರಿಯುವ ನೀರಿಗೆ ಬಿಡುತ್ತಾರೆ. ಅದೇ ಹಬ್ಬಕ್ಕೆ ಮೊಳಕೆ ಗೋಧಿಯನ್ನು ಅರೆದು, ಗಂಟೆಗಟ್ಟಲೆ ಕುದಿಸಿ ಮಾಡುವ ಸಮನು ಎಂಬ ಪಾಯಸದಂಥ ತಿನಿಸಿಗೆ ಒಂದು ಚಿಟಿಕೆ ಸಕ್ಕರೆಯೂ ಬೇಕಿಲ್ಲ. ಮೊಳಕೆಯಲ್ಲೇ ಸಿಹಿ ಇರುತ್ತದೆ. ಆದರೆ ಇಲ್ಲೆಲ್ಲ ಸಸಿ ಸಮೃದ್ಧಿಯ ಗುರುತು, ಇಲ್ಲವೇ ಹಬ್ಬದ ಸವಿ. ಔಷಧವಾಗಿ ದಿನವೂ ಹಿಂಡಿ ಕುಡಿಯುವ ಪದ್ಧತಿ ಬೇರೆಯೇ ಕಡೆ ಹುಟ್ಟಿತು.

ಆ ಸಿಹಿ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡಿಬಿಡೋಣ, ಏಕೆಂದರೆ ಗೋಧಿಹುಲ್ಲಿನ ಗುಣವೆಲ್ಲ ಅಡಗಿರುವುದು ಈ ಮೊದಲ ಕೆಲವು ದಿನಗಳ ಚಟುವಟಿಕೆಯಲ್ಲಿ. ಗೋಧಿ ಕಾಳಿನ ಬಹುಭಾಗ ಪಿಷ್ಟ. ಒಂದು ತುದಿಯಲ್ಲಿ ಪುಟ್ಟ ಭ್ರೂಣ ಮಲಗಿರುತ್ತದೆ. ಕಾಳು ನೀರು ಹೀರಿದಾಗ ಭ್ರೂಣ ಎಚ್ಚೆತ್ತು ಜಿಬ್ಬೆರೆಲಿನ್ ಎಂಬ ಹಾರ್ಮೋನನ್ನು ಕಳಿಸುತ್ತದೆ. ಪಿಷ್ಟವನ್ನು ಸುತ್ತುವರಿದ ತೆಳ್ಳನೆಯ ಪದರವೊಂದು ಆ ಸುದ್ದಿ ಸಿಕ್ಕೊಡನೆ ಅಮೈಲೇಸ್ ಕಿಣ್ವವನ್ನು ತಯಾರಿಸಿ ಸುರಿಯುತ್ತದೆ. ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗುತ್ತದೆ. ಬೇರು ಕೆಳಕ್ಕೆ, ಎಲೆ ಮೇಲಕ್ಕೆ. ಬೆಳಕು ತಾಗಿದ ಮೇಲೆ ಎಲೆ ಹಸಿರಾಗಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳಲು ಶುರುಮಾಡುತ್ತದೆ. ಈ ಹಂತದಲ್ಲಿ ಎಲೆಯೊಳಗೆ ಕಿಣ್ವಗಳು, ಜೀವಸತ್ವಗಳು, ಕ್ಯಾರೋಟಿನ್ ಎಲ್ಲವೂ ಚುರುಕಾಗಿ ಕೂಡಿಕೊಳ್ಳುತ್ತವೆ, ನಾರು ಕಡಿಮೆ. ಬೆಳೆಯುವ ತುದಿ ಇನ್ನೂ ನೆಲದ ಮಟ್ಟದಲ್ಲೇ ಇರುವುದರಿಂದ ಕೊಯ್ದರೂ ಹುಲ್ಲು ಮತ್ತೆ ಚಿಗುರುತ್ತದೆ. ಆಮೇಲೊಂದು ದಿನ ಗಿಡ ತೀರ್ಮಾನ ಬದಲಿಸುತ್ತದೆ. ದಂಟಿನಲ್ಲಿ ಗೆಣ್ಣು ಮೂಡುತ್ತದೆ, ತೆನೆಯನ್ನು ಹೊತ್ತ ತುದಿ ಮೇಲೇಳುತ್ತದೆ. ಅಲ್ಲಿಂದಾಚೆಗೆ ಎಲೆಯ ಸಾರ ಕಾಳಿಗೆ ಮೀಸಲು, ನಾರು ಹೆಚ್ಚುತ್ತದೆ. ಗೆಣ್ಣು ಕಟ್ಟುವ ಮುನ್ನ ಮೇವು ಕೊಯ್ಯಬೇಕೆಂಬುದು ಯಾವ ದನಗಾಹಿಗೂ ಗೊತ್ತಿರುವ ವಿಷಯ. ಈ ಹಂತದ ಮಹತ್ವವನ್ನು ಪ್ರಯೋಗಾಲಯದಲ್ಲಿ ಅಳೆದು ಮನುಷ್ಯರ ಆಹಾರಕ್ಕೆ ತಂದವರು ಅಮೆರಿಕದ ಚಾರ್ಲ್ಸ್ ಶ್ನಾಬೆಲ್.

ಶ್ನಾಬೆಲ್ ಕಾನ್ಸಾಸ್ ಸಿಟಿಯ ಕೃಷಿ ರಸಾಯನ ತಜ್ಞ. ಅದು ಗೋಧಿಯ ಸೀಮೆ. 1870ರ ದಶಕದಲ್ಲಿ ರಷ್ಯಾದಿಂದ ವಲಸೆ ಬಂದ ಮೆನ್ನೊನೈಟ್ ಪಂಥದ ರೈತರು ತಂದ ಚಳಿಗಾಲದ ಕೆಂಪು ಗೋಧಿ ಕಾನ್ಸಾಸ್ ರಾಜ್ಯದ ಬಯಲುಗಳನ್ನೇ ಬದಲಿಸಿತ್ತು. ಶ್ನಾಬೆಲ್ ಅವರ ಕೆಲಸ ಕೋಳಿ, ದನಗಳ ಆಹಾರಕ್ಕೆ ಸಂಬಂಧಿಸಿದ್ದು. 1930ರಲ್ಲಿ ಸೊರಗುತ್ತಿದ್ದ ಕೋಳಿಗಳಿಗೆ ಅವರು ಎಳೆಯ ಧಾನ್ಯಹುಲ್ಲನ್ನು ಕೊಟ್ಟು ನೋಡಿದರು. ಕೋಳಿಗಳು ಚೇತರಿಸಿಕೊಂಡವು, ಮೊಟ್ಟೆಯಿಡುವ ಪ್ರಮಾಣ ಶೇ. 38ರಿಂದ 94ಕ್ಕೆ ಏರಿತು ಎಂಬುದು ಅವರ ಲೆಕ್ಕ. ಅವರು ಹುಲ್ಲನ್ನು ಒಣಗಿಸಿ ಪುಡಿ ಮಾಡಿದರು, ತಮ್ಮ ಮಕ್ಕಳಿಗೂ ತಿನ್ನಿಸಿದರು, ಊರೂರಿಗೆ ಹೋಗಿ ಅದರ ಗುಣ ಸಾರಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋಳಿಗಳು ಚೇತರಿಸಿಕೊಂಡದ್ದರಲ್ಲಿ ಅಚ್ಚರಿಯಿಲ್ಲ, ಸುಳ್ಳೂ ಇಲ್ಲ. ಅಮೆರಿಕದ ಚಳಿಗಾಲದಲ್ಲಿ ಗೂಡೊಳಗೆ ಮುಚ್ಚಿಟ್ಟು, ಬರೀ ಕಾಳು ಹಾಕಿ ಸಾಕಿದ ಕೋಳಿಗೆ ಎ ಜೀವಸತ್ವವೂ ರೈಬೋಫ್ಲೇವಿನ್ನೂ ಸಾಲುವುದಿಲ್ಲ. ಎರಡೂ ಹಸಿರು ಹುಲ್ಲಿನಿಂದ ಒದಗುತ್ತವೆ. ಎಲೆಯ ಕ್ಯಾರೋಟಿನನ್ನು ಕೋಳಿಯ ದೇಹ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಕೊರತೆ ಇರುವ ಪ್ರಾಣಿಗೆ ಕೊರತೆ ತುಂಬುವ ಪದಾರ್ಥ ಕೊಟ್ಟರೆ ಫಲಿತಾಂಶ ಪವಾಡದಂತೆಯೇ ಕಾಣುತ್ತದೆ. ಅದೇ ಪದಾರ್ಥವನ್ನು ಹೊಟ್ಟೆ ತುಂಬ ಒಳ್ಳೆಯ ಊಟ ಮಾಡಿದವರಿಗೆ ಕೊಟ್ಟರೆ ಅಂಥ ಪವಾಡ ನಡೆಯುವುದಿಲ್ಲ. ಗೋಧಿಹುಲ್ಲಿನ ಮುಂದಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಮರೆತುಹೋದ ಸಂಗತಿ ಇದೇ.

ಆ ಕಾಲವನ್ನೂ ನೆನೆಯಬೇಕು. ಕ್ಯಾಸಿಮಿರ್ ಫಂಕ್ ಜೀವಸತ್ವದ ಕಲ್ಪನೆಯನ್ನು ಮುಂದಿಟ್ಟದ್ದು 1912ರಲ್ಲಿ. 1930ರ ಹೊತ್ತಿಗೆ ಹಲವು ಜೀವಸತ್ವಗಳ ಹೆಸರು ಕೇಳಿಬಂದಿದ್ದರೂ ಮಾತ್ರೆಯಾಗಿ ಕೈಗೆ ಸಿಕ್ಕವು ಕಡಿಮೆ. ಮಹಾ ಆರ್ಥಿಕ ಕುಸಿತದ ದಿನಗಳು; ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಲ್ಲಿ ಪೆಲ್ಲಾಗ್ರ ಎಂಬ ಕೊರತೆಯ ರೋಗ ವ್ಯಾಪಕವಾಗಿತ್ತು. ಅಗ್ಗದ ಹುಲ್ಲಿನಲ್ಲಿ ಪೋಷಣೆಯಿದೆ ಎಂದವರ ಮಾತಿಗೆ ಕಿವಿಗೊಡಲು ಸಮಾಜ ಸಿದ್ಧವಿತ್ತು.

ವಿಶ್ವವಿದ್ಯಾಲಯಗಳೂ ಕಿವಿಗೊಟ್ಟವು. ವಿಸ್ಕಾನ್ಸಿನ್ ಹೈನುಗಾರಿಕೆಯ ರಾಜ್ಯ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕೋಲರ್, ಕಾನ್ರಾಡ್ ಎಲ್ವೆಹೆಮ್ ಮತ್ತು ಎಡ್ವಿನ್ ಹಾರ್ಟ್ ಒಂದು ಸರಳ ಪ್ರಶ್ನೆ ಹಿಡಿದಿದ್ದರು: ಬೇಸಗೆಯಲ್ಲಿ ಹಸಿರು ಮೇಯುವ ಹಸುವಿನ ಹಾಲು ಕುಡಿದ ಇಲಿಗಳು ಚೆನ್ನಾಗಿ ಬೆಳೆಯುತ್ತವೆ, ಒಣ ಮೇವಿನ ಚಳಿಗಾಲದ ಹಾಲು ಕುಡಿದವು ಅಷ್ಟು ಬೆಳೆಯುವುದಿಲ್ಲ, ಏಕೆ? ಚಳಿಗಾಲದ ಹಾಲಿಗೆ ಹುಲ್ಲಿನ ರಸ ಸೇರಿಸಿದಾಗ ಇಲಿಗಳ ಬೆಳವಣಿಗೆ ಸುಧಾರಿಸಿತು. 1936ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹುಲ್ಲಿನಲ್ಲಿ ಗೊತ್ತಿರುವ ಜೀವಸತ್ವಗಳಿಗೂ ಮೀರಿದ ಏನೋ ಇದೆ ಎಂದು ಅವರು ಭಾವಿಸಿ, ಅದನ್ನು ಹುಲ್ಲುರಸದ ಅಂಶ ಎಂದು ಕರೆದರು. ಅದೇ ಎಲ್ವೆಹೆಮ್ ಮರುವರ್ಷ ಪೆಲ್ಲಾಗ್ರವನ್ನು ಹೋಲುವ ನಾಯಿಗಳ ಕಾಯಿಲೆಗೆ ನಿಕೋಟಿನಿಕ್ ಆಮ್ಲವೇ ಮದ್ದೆಂದು ತೋರಿಸಿ ಲಕ್ಷಾಂತರ ಜನರ ಪ್ರಾಣ ಉಳಿಸುವ ದಾರಿ ತೆರೆದರು. ಹುಲ್ಲುರಸದ ಆ ನಿಗೂಢ ಅಂಶ ಮಾತ್ರ ಮನುಷ್ಯರಿಗೆ ಬೇಕಾದ ಹೊಸ ಜೀವಸತ್ವವೆಂದು ಎಂದೂ ಸ್ಥಾಪಿತವಾಗಲಿಲ್ಲ.

ಶ್ನಾಬೆಲ್ ಅವರ ಒಣಹುಲ್ಲಿನ ಪುಡಿ ಸೆರೋಫಿಲ್ ಎಂಬ ಹೆಸರಿನಲ್ಲಿ ಡಬ್ಬಿಗಳಲ್ಲಿ ತುಂಬಿ ಅಮೆರಿಕ, ಕೆನಡಾಗಳ ಔಷಧದಂಗಡಿಗಳಿಗೆ ಬಂತು. ಹದಿನೈದು ಪೌಂಡು ಗೋಧಿಹುಲ್ಲು ಮುನ್ನೂರ ಐವತ್ತು ಪೌಂಡು ತರಕಾರಿಗೆ ಸಮ ಎಂಬ ಅವರ ಮಾತು ಇಂದಿಗೂ ಜಾಹೀರಾತುಗಳಲ್ಲಿ ಓಡಾಡುತ್ತಿದೆ. ಹುಲ್ಲಿನ ಪುಡಿಯ ವಿಷಯದಲ್ಲಿ ಇಂಥ ಹೋಲಿಕೆಯನ್ನು ಎಚ್ಚರದಿಂದ ನೋಡಬೇಕು. ಹಸಿ ಸೊಪ್ಪಿನಲ್ಲಿ ಶೇ. 85ರಿಂದ 90ರಷ್ಟು ನೀರೇ ಇರುತ್ತದೆ. ಒಂದು ತಕ್ಕಡಿಯಲ್ಲಿ ನೀರು ತೆಗೆದ ಪುಡಿ, ಇನ್ನೊಂದರಲ್ಲಿ ನೀರು ತುಂಬಿದ ಸೊಪ್ಪು ಇಟ್ಟು ತೂಗಿದರೆ ಯಾವ ಎಲೆಯ ಪುಡಿಯಾದರೂ ಗೆಲ್ಲುತ್ತದೆ. ನುಗ್ಗೆಸೊಪ್ಪಿನ ಪುಡಿಯೂ, ಕರಿಬೇವಿನ ಪುಡಿಯೂ. ಹಸಿಗೆ ಹಸಿಯನ್ನೇ ಹೋಲಿಸಿದಾಗ ಚಿತ್ರ ಬೇರೆ. ಸುಮಾರು 28 ಗ್ರಾಂ ಗೋಧಿಹುಲ್ಲಿನ ರಸದಲ್ಲಿ ಇರುವ ಪ್ರೋಟೀನು ಒಂದು ಗ್ರಾಮಿಗೂ ಕಡಿಮೆ. ಅಷ್ಟೇ ತೂಕದ ಪಾಲಕ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಸಿ ಜೀವಸತ್ವ ರಸದಲ್ಲಿ ಸುಮಾರು 1 ಮಿಲಿಗ್ರಾಂ, ಅಷ್ಟೇ ತೂಕದ ಬ್ರೊಕೊಲಿಯಲ್ಲಿ ಸುಮಾರು 25 ಮಿಲಿಗ್ರಾಂ.

ಸೆರೋಫಿಲ್‌ನ ವೈಭವ ಹೆಚ್ಚು ಕಾಲ ಉಳಿಯಲಿಲ್ಲ. 1930ರ ದಶಕದಲ್ಲೇ ಸಿ ಜೀವಸತ್ವ, ರೈಬೋಫ್ಲೇವಿನ್, ಥಯಾಮಿನ್‌ಗಳನ್ನು ಪ್ರಯೋಗಾಲಯದಲ್ಲಿ ತಯಾರಿಸುವ ವಿಧಾನಗಳು ಕೈಗೂಡಿದವು. ಎರಡನೆಯ ಮಹಾಯುದ್ಧದ ನಂತರ ಅಗ್ಗದ ಜೀವಸತ್ವದ ಮಾತ್ರೆಗಳು ಬಂದಮೇಲೆ ಹುಲ್ಲಿನ ಪುಡಿಗೆ ಗಿರಾಕಿಗಳು ಕಡಿಮೆಯಾದರು. ಆದರೂ ಆ ಪುಡಿ ಒಂದು ಅನಿರೀಕ್ಷಿತ ಜಾಗದಲ್ಲಿ ನೆಲೆ ಕಂಡಿತು. ಪ್ಯಾರಮೀಸಿಯಮ್ ಎಂಬ ಏಕಕೋಶ ಜೀವಿಯನ್ನು ಸಾಕುವ ಜೀವವಿಜ್ಞಾನಿಗಳು ಸೆರೋಫಿಲ್‌ನ ಕಷಾಯದಲ್ಲಿ ಅದನ್ನು ಬೆಳೆಸತೊಡಗಿದರು. ಆ ಕಷಾಯದಲ್ಲಿ ಬ್ಯಾಕ್ಟೀರಿಯ ಹುಲುಸಾಗಿ ಬೆಳೆಯುತ್ತದೆ, ಬ್ಯಾಕ್ಟೀರಿಯವನ್ನು ಪ್ಯಾರಮೀಸಿಯಮ್ ತಿನ್ನುತ್ತದೆ. ಇಂದಿಗೂ ಹಲವು ಪ್ರಯೋಗಾಲಯಗಳಲ್ಲಿ ಈ ಕೆಲಸಕ್ಕೆ ಗೋಧಿಹುಲ್ಲಿನ ಪುಡಿ ಬಳಕೆಯಲ್ಲಿದೆ.

ರಕ್ತದ ಮಾತು ಬಂದದ್ದು ಬೇರೆ ದಾರಿಯಿಂದ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ರಚನೆಯ ಬಗ್ಗೆ ಜರ್ಮನಿಯ ರಿಚರ್ಡ್ ವಿಲ್‌ಸ್ಟಾಟರ್ ಮಾಡಿದ ಕೆಲಸಕ್ಕೆ 1915ರ ನೊಬೆಲ್ ಬಂತು. ಅದೇ ದೇಶದ ಹ್ಯಾನ್ಸ್ ಫಿಷರ್‌ಗೆ 1930ರಲ್ಲಿ, ಅಂದರೆ ಶ್ನಾಬೆಲ್ ಕೋಳಿಗಳಿಗೆ ಹುಲ್ಲು ತಿನ್ನಿಸುತ್ತಿದ್ದ ವರ್ಷವೇ, ಪತ್ರಹರಿತ್ತು ಮತ್ತು ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಹೀಮ್ ಎರಡರ ಕುರಿತ ಸಂಶೋಧನೆಗೆ ನೊಬೆಲ್ ದೊರೆಯಿತು. ಈ ಎರಡು ಅಣುಗಳ ಹೋಲಿಕೆ ನಿಜಕ್ಕೂ ಮೈನವಿರೇಳಿಸುವಂಥದು. ಎರಡರಲ್ಲೂ ನಾಲ್ಕು ನೈಟ್ರೋಜನ್ ಪರಮಾಣುಗಳಿರುವ ಒಂದು ಉಂಗುರ. ಹೀಮ್‌ನ ಉಂಗುರದ ನಡುವೆ ಕಬ್ಬಿಣ, ಪತ್ರಹರಿತ್ತಿನಲ್ಲಿ ಮೆಗ್ನೀಸಿಯಮ್. ಗಿಡಕ್ಕೂ ನಮಗೂ ಅತಿ ಪ್ರಾಚೀನ ಪೂರ್ವಜರು ಒಬ್ಬರೇ ಎನ್ನುವುದಕ್ಕೆ ಇದಕ್ಕಿಂತ ಸುಂದರವಾದ ಸಾಕ್ಷಿ ಬೇಕಿಲ್ಲ.

ಆದರೆ ಹೋಲಿಕೆಯೇ ಮಾರ್ಪಾಡು ಅಲ್ಲ. ಹುಲ್ಲಿನ ರಸ ಹಸಿರು ರಕ್ತ, ಅದನ್ನು ಕುಡಿದರೆ ಮೆಗ್ನೀಸಿಯಮ್ ಹೋಗಿ ಕಬ್ಬಿಣ ಕೂತು ಹಿಮೋಗ್ಲೋಬಿನ್ ಆಗಿಬಿಡುತ್ತದೆ ಎಂಬ ಮಾತು ಕೇಳಲು ಎಷ್ಟು ಹಿತವಾಗಿದ್ದರೂ ನಮ್ಮ ದೇಹದಲ್ಲಿ ಹಾಗೆ ಮಾಡುವ ಕಿಣ್ವ ಇಲ್ಲ. ಪತ್ರಹರಿತ್ತು ಜಠರದ ಆಮ್ಲಕ್ಕೆ ಸಿಕ್ಕಾಗ ಮೆಗ್ನೀಸಿಯಮ್ ಕಳೆದುಕೊಂಡು ಫಿಯೋಫೈಟಿನ್ ಆಗುತ್ತದೆ. ಹುಣಸೆಹುಳಿ ಹಾಕಿ ಬೇಯಿಸಿದ ಸೊಪ್ಪು ಕಂದು ಹಸಿರಾಗುವುದೂ ಇದೇ ಕ್ರಿಯೆಯಿಂದ. ಹೀಗೆ ಮಾರ್ಪಟ್ಟದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಬಹುಪಾಲು ಕರುಳಿನಿಂದ ಹೊರಟುಹೋಗುತ್ತದೆ.

ಹಾಗಾದರೆ ನಮ್ಮ ಹೀಮ್ ಎಲ್ಲಿಂದ ಬರುತ್ತದೆ? ಇದನ್ನು ಕಂಡುಹಿಡಿದ ಪ್ರಯೋಗ ಗೋಧಿಹುಲ್ಲಿನ ಯಾವ ಪವಾಡಕಥೆಗಿಂತಲೂ ಸ್ವಾರಸ್ಯಕರ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಶೆಮಿನ್ 1940ರ ದಶಕದಲ್ಲಿ ಗ್ಲೈಸಿನ್ ಎಂಬ ಅತಿ ಸಣ್ಣ ಅಮೈನೋ ಆಮ್ಲಕ್ಕೆ ಭಾರವಾದ ನೈಟ್ರೋಜನ್‌ನ ಗುರುತು ಹಾಕಿ, ಅದರ 66 ಗ್ರಾಮನ್ನು ಮೂರು ದಿನಗಳಲ್ಲಿ ತಾವೇ ತಿಂದರು. ಆಮೇಲೆ ತಿಂಗಳುಗಟ್ಟಲೆ ತಮ್ಮ ರಕ್ತ ತೆಗೆದು ಪರೀಕ್ಷಿಸಿದರು. ಗುರುತಿನ ನೈಟ್ರೋಜನ್ ಹೀಮ್‌ನಲ್ಲಿ ಬಂದು ಕೂತಿತ್ತು. ಕೆಂಪು ಕಣಗಳು ಸುಮಾರು ನಾಲ್ಕು ತಿಂಗಳು ಬದುಕಿ ಸಾಯುತ್ತವೆ ಎನ್ನುವುದೂ ಅದರಿಂದಲೇ ಗೊತ್ತಾಯಿತು. 1946ರಲ್ಲಿ ಇದು ಪ್ರಕಟವಾಯಿತು. ನಮ್ಮ ಮೂಳೆ ಮಜ್ಜೆ ಗ್ಲೈಸಿನ್‌ನಂಥ ಸಾಮಾನ್ಯ ಕಚ್ಚಾವಸ್ತುವಿನಿಂದ ಎಂಟು ಹಂತಗಳಲ್ಲಿ ಹೀಮ್ ಕಟ್ಟುತ್ತದೆ. ಆ ಉಂಗುರವನ್ನು ಎಲೆಯಿಂದ ಎರವಲು ತರುವ ಅಗತ್ಯವೇ ಅದಕ್ಕಿಲ್ಲ. ಅದಕ್ಕೆ ಬೇಕಾದದ್ದು ಬೇಳೆ, ಕಾಳು, ಹಾಲಿನಲ್ಲಿ ಸಿಗುವ ಪ್ರೋಟೀನು, ಸಾಕಷ್ಟು ಕಬ್ಬಿಣ, ಬಿ12 ಮತ್ತು ಫೋಲಿಕ್ ಆಮ್ಲ.

ಎಲೆಗೂ ರಕ್ತಕ್ಕೂ ಇರುವ ನಿಜವಾದ ನಂಟು ಈ ಫೋಲಿಕ್ ಆಮ್ಲದಲ್ಲಿದೆ, ಅದರ ಕಥೆ ಶುರುವಾಗುವುದು ನಮ್ಮ ದೇಶದಲ್ಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರು ವಿಚಿತ್ರ ರಕ್ತಹೀನತೆಯಿಂದ ನರಳುತ್ತಿದ್ದರು. ಅವರ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ವಿಲ್ಸ್ ಅವರು ಆ ಹೆಂಗಸರ ಊಟವನ್ನು ಗಮನಿಸಿದರು. ಹಾಲು, ಹಣ್ಣು, ಸೊಪ್ಪು ಬಹಳ ಕಡಿಮೆ. ಯೀಸ್ಟ್‌ನಿಂದ ತೆಗೆದ ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿಲ್ಸ್ ಇದನ್ನು ವರದಿ ಮಾಡಿದರು. ಆ ಸಾರದಲ್ಲಿದ್ದ ಅಂಶ ಯಾವುದೆಂಬ ಹುಡುಕಾಟ ಹತ್ತು ವರ್ಷ ನಡೆಯಿತು. 1941ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಫೋಲಿಕ್ ಆಮ್ಲವನ್ನು ಬೇರ್ಪಡಿಸಿದರು. ಇಂದು ನಮ್ಮ ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಜೊತೆಗಿರುವುದು ಇದೇ ಫೋಲಿಕ್ ಆಮ್ಲ. ಗೋಧಿಹುಲ್ಲಿನ ಚರಿತ್ರೆ ಬರೆಯುವವರು ಲೂಸಿ ವಿಲ್ಸ್ ಅವರನ್ನು ಹೆಸರಿಸುವುದು ಅಪರೂಪ. ಎಲೆಯೊಳಗಿನ ರಕ್ತವರ್ಧಕವನ್ನು ನಿಜವಾಗಿ ಹುಡುಕಿ ಕೊಟ್ಟವರ ಸಾಲಿನಲ್ಲಿ ಅವರೇ ಮೊದಲಿಗರು ಎಂಬುದು ನನ್ನ ಅಭಿಪ್ರಾಯ.

ಈ ನಡುವೆ ಪತ್ರಹರಿತ್ತು ಮಾರುಕಟ್ಟೆಯಲ್ಲಿ ತನ್ನದೇ ದಾರಿ ಹಿಡಿದಿತ್ತು. 1940ರಲ್ಲಿ ಬೆಂಜಮಿನ್ ಗ್ರಸ್ಕಿನ್ ಎಂಬ ಫಿಲಡೆಲ್ಫಿಯಾದ ವೈದ್ಯರು ಗಾಯಗಳ ಮೇಲೆ ಪತ್ರಹರಿತ್ತಿನ ಲೇಪ ಹಚ್ಚಿದ ಅನುಭವ ಪ್ರಕಟಿಸಿದರು. ದುರ್ವಾಸನೆ ಕಡಿಮೆಯಾಗುತ್ತದೆ ಎಂಬುದು ಅದರಲ್ಲಿನ ಒಂದು ಅಂಶ. 1950ರ ದಶಕದ ಆರಂಭದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಹಸಿರು ಟೂತ್‌ಪೇಸ್ಟ್, ಹಸಿರು ಚ್ಯೂಯಿಂಗ್ ಗಮ್, ನಾಯಿಗಳಿಗೆ ಹಸಿರು ಬಿಸ್ಕತ್ತು ಕೂಡ ಬಂದವು. ದಿನವಿಡೀ ಹಸಿರು ಮೇಯುವ ಆಡು ಏಕೆ ನಾರುತ್ತದೆ ಎಂದು ರಸಾಯನ ವಿಜ್ಞಾನಿಗಳು ಕೇಳಿದ ಮೇಲೆ ಆ ಅಲೆ ಇಳಿಯಿತು. ಆದರೆ ಹಸಿರು ಬಣ್ಣವೇ ಶುದ್ಧಿಕಾರಕ ಎಂಬ ಭಾವನೆ ಜನಮನದಲ್ಲಿ ಉಳಿದುಕೊಂಡಿತು.

ಆ ಭಾವನೆಗೆ ಒಂದು ಜೀವನಕ್ರಮದ ರೂಪ ಕೊಟ್ಟವರು ಆನ್ ವಿಗ್ಮೋರ್. 1909ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿ, ಅಜ್ಜಿಯ ಕೈಯಲ್ಲಿ ಬೆಳೆದವರು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಅಜ್ಜಿ ಸೊಪ್ಪುಸದೆಗಳಿಂದ ಶುಶ್ರೂಷೆ ಮಾಡುವುದನ್ನು ಕಂಡದ್ದಾಗಿ ಬರೆದುಕೊಂಡಿದ್ದಾರೆ. ಹುಡುಗಿಯಾಗಿದ್ದಾಗಲೇ ಅಮೆರಿಕಕ್ಕೆ ವಲಸೆ ಹೋದರು. ಅಪಘಾತವೊಂದರಲ್ಲಿ ಕಾಲುಗಳಿಗೆ ಗ್ಯಾಂಗ್ರೀನ್ ಆಗಿ, ಕತ್ತರಿಸಬೇಕೆಂದ ವೈದ್ಯರ ಮಾತು ನಿರಾಕರಿಸಿ, ಹಸಿರಿನಿಂದಲೇ ಗುಣವಾಯಿತೆಂಬುದು ಅವರೇ ಹೇಳಿಕೊಂಡ ಕಥೆ. ಬೈಬಲ್‌ನ ದಾನಿಯೇಲನ ಗ್ರಂಥದಲ್ಲಿ ಬಾಬಿಲೋನಿನ ದೊರೆ ನೆಬುಕದ್ನೆಚ್ಚರ ಅಹಂಕಾರದ ಫಲವಾಗಿ ಬುದ್ಧಿಗೆಟ್ಟು, ಎತ್ತಿನಂತೆ ಹುಲ್ಲು ಮೇದು, ಕಡೆಗೆ ಸರಿಹೋಗುವ ಪ್ರಸಂಗವಿದೆ. ಗ್ರಂಥದಲ್ಲಿ ಹುಲ್ಲು ತಿನ್ನುವುದು ಶಿಕ್ಷೆ. ವಿಗ್ಮೋರ್ ಅದರಲ್ಲಿ ಚಿಕಿತ್ಸೆಯನ್ನು ಕಂಡರು.

ಅವರು ಬಾಸ್ಟನ್ ನಗರದಲ್ಲಿ ಹಿಪೊಕ್ರೆಟಿಸ್ ಹೆಸರಿನ ಆರೋಗ್ಯ ಸಂಸ್ಥೆ ಕಟ್ಟಿದರು. ಬೇಯಿಸದ ಆಹಾರ, ಮೊಳಕೆ ಕಾಳು, ಗೋಧಿಹುಲ್ಲಿನ ರಸ ಅಲ್ಲಿನ ಕ್ರಮ. ಒಂದಿಂಚು ಮಣ್ಣು ಹರಡಿದ ಟ್ರೇನಲ್ಲಿ ನೆನೆಸಿದ ಗೋಧಿ ಚೆಲ್ಲಿ, ವಾರ ಹತ್ತು ದಿನಕ್ಕೆ ಗೇಣುದ್ದ ಬೆಳೆದ ಹುಲ್ಲು ಕೊಯ್ದು, ನಿಧಾನವಾಗಿ ಅರೆಯುವ ಕೈಯಂತ್ರದಲ್ಲಿ ಹಿಂಡಿ ತಕ್ಷಣ ಕುಡಿಯಬೇಕು. ಇಂದು ಜಗತ್ತಿನೆಲ್ಲೆಡೆ ಮನೆಮನೆಯ ಬಾಲ್ಕನಿಗಳಲ್ಲಿ ಕಾಣುವುದು ಇದೇ ಪದ್ಧತಿ. ಶ್ನಾಬೆಲ್ ಬಯಲಿನಲ್ಲಿ ಚಳಿಗಾಲವಿಡೀ ಬೆಳೆದ ಹುಲ್ಲನ್ನು ಒಣಗಿಸುತ್ತಿದ್ದರು. ವಿಗ್ಮೋರ್ ಅದನ್ನು ಅಡುಗೆಮನೆಯ ಕಿಟಕಿಗೆ ತಂದರು. ಹೊಲವಿಲ್ಲದ ನಗರದ ಜನ, ದೊಡ್ಡ ಕಂಪನಿಗಳ ಆಹಾರದ ಮೇಲೆ ನಂಬಿಕೆ ಕಳೆದುಕೊಂಡಿದ್ದ 1960, 70ರ ದಶಕದ ಯುವಜನ ಇದನ್ನು ಮನಸಾರೆ ಒಪ್ಪಿದರು. ತನ್ನ ಕೈಯಾರೆ ಬೆಳೆದು ಹಸಿರು ತಿನ್ನು ಎಂದ ಈ ಭಾಗದಲ್ಲಿ ವಿಗ್ಮೋರ್ ಅವರ ಕೊಡುಗೆ ದೊಡ್ಡದು, ಅದನ್ನು ಗೌರವದಿಂದಲೇ ನೆನೆಯಬೇಕು.

ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಮಧುಮೇಹಿಗಳು ತಮ್ಮ ಕ್ರಮ ಅನುಸರಿಸಿದರೆ ಇನ್ಸುಲಿನ್ ಕಡಿಮೆ ಮಾಡಬಹುದು ಅಥವಾ ಬಿಡಬಹುದು ಎಂದರು. 1982ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಅಟಾರ್ನಿ ಜನರಲ್ ಅವರ ಮೇಲೆ ಮೊಕದ್ದಮೆ ಹೂಡಿದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡರು. 1988ರಲ್ಲಿ ಏಡ್ಸ್ ಗುಣಪಡಿಸುವ ಮಾತಿಗಾಗಿ ಮತ್ತೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. ರೋಗ ಗುಣಪಡಿಸುವ ವೈದ್ಯೆಯೆಂದು ಹೇಳಿಕೊಳ್ಳಬಾರದೆಂದು ನ್ಯಾಯಾಧೀಶರು ಆದೇಶಿಸಿದರು. ಅದು ಏಡ್ಸ್‌ಗೆ ಪರಿಣಾಮಕಾರಿ ಚಿಕಿತ್ಸೆ ಇಲ್ಲದೆ ಯುವಕರು ಸಾಯುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಕೊಟ್ಟ ಸುಳ್ಳು ಭರವಸೆಯ ಹಾನಿಯನ್ನು ಹಗುರವಾಗಿ ಎಣಿಸಲಾಗದು. 1994ರಲ್ಲಿ ಬಾಸ್ಟನ್‌ನ ತಮ್ಮ ಕಟ್ಟಡದಲ್ಲಿ ಸಂಭವಿಸಿದ ಬೆಂಕಿ ಆಕಸ್ಮಿಕದಲ್ಲಿ ವಿಗ್ಮೋರ್ ತೀರಿಕೊಂಡರು.

ಅವರ ಪುಸ್ತಕಗಳಿಂದ ಹೊರಟ ಕೆಲವು ಮಾತುಗಳು ಈಗ ಎಲ್ಲ ಭಾಷೆಗಳಲ್ಲೂ ಸುತ್ತುತ್ತಿವೆ. ಬೇಯಿಸದ ರಸದ ಕಿಣ್ವಗಳು ನಮ್ಮ ದೇಹಕ್ಕೆ ಸೇರಿ ದುಡಿಯುತ್ತವೆ ಎನ್ನುತ್ತಾರೆ. ಕಿಣ್ವಗಳು ಪ್ರೋಟೀನುಗಳು, ತಿಂದ ಬೇಳೆಯ ಪ್ರೋಟೀನಿನಂತೆ ಅವೂ ಜಠರದಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತವೆ. ರಸದಲ್ಲಿ ಶೇ. 70ರಷ್ಟು ಪತ್ರಹರಿತ್ತು ಎನ್ನುತ್ತಾರೆ. ರಸದ ಬಹುಪಾಲು ನೀರು ಎನ್ನುವುದಕ್ಕೆ ಅದನ್ನು ಆರಿಸಿ ನೋಡಿದರೆ ಸಾಕು. ಮಣ್ಣಿನ 102 ಖನಿಜಗಳಲ್ಲಿ 92 ಇದರಲ್ಲಿವೆ ಎನ್ನುತ್ತಾರೆ. ಗಿಡವೊಂದು ಬದುಕಲು ಅಗತ್ಯವೆಂದು ಸಾಬೀತಾಗಿರುವ ಧಾತುಗಳು 17. ಆ ಪಟ್ಟಿಗೆ ಸೀಸ, ಪಾದರಸ, ಯುರೇನಿಯಂಗಳನ್ನೂ ಸೇರಿಸಿ ತೊಂಬತ್ತು ದಾಟಿಸಿದರೆ ಅದು ಹೆಮ್ಮೆ ಪಡುವ ವಿಷಯವಲ್ಲ. ಬಿ12 ಇದೆ ಎಂಬ ಮಾತಂತೂ ಸಸ್ಯಾಹಾರಿಗಳ ಮಟ್ಟಿಗೆ ಅಪಾಯಕಾರಿ. ಬಿ12 ತಯಾರಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ, ಕೆಲವು ಸೂಕ್ಷ್ಮಜೀವಿಗಳಿಗೆ ಮಾತ್ರ ಇದೆ. ಹಾಲು, ಮೊಸರು, ಇಲ್ಲವೇ ಮಾತ್ರೆಯಿಂದಲೇ ಅದನ್ನು ಪಡೆಯಬೇಕು.

ಭಾರತದಲ್ಲಿ ಗೋಧಿಹುಲ್ಲು ಪ್ರಕೃತಿ ಚಿಕಿತ್ಸೆಯ ಬೆನ್ನೇರಿ ಹರಡಿತು. ಗಾಂಧೀಜಿಯವರಿಂದ ಗೌರವ ಪಡೆದಿದ್ದ ಆ ಪದ್ಧತಿಗೆ ಉಪವಾಸ, ಹಸಿ ತರಕಾರಿ, ರಸಾಹಾರಗಳು ಮೊದಲೇ ಪರಿಚಿತ. ಮನೆಯಲ್ಲೇ ಕುಂಡದಲ್ಲಿ ಬೆಳೆಯಬಹುದಾದ, ಖರ್ಚಿಲ್ಲದ ಈ ಮದ್ದು ಚಿಕಿತ್ಸೆಯ ಭಾರ ಹೊರಲಾಗದ ಕುಟುಂಬಗಳನ್ನು ಆಕರ್ಷಿಸಿತು. ಅವರಲ್ಲಿ ಥಲಸ್ಸೇಮಿಯಾ ಮಕ್ಕಳ ತಂದೆತಾಯಿಗಳೂ ಇದ್ದರು. ಈ ಆನುವಂಶಿಕ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ನ ಪ್ರೋಟೀನು ಭಾಗ ಸರಿಯಾಗಿ ತಯಾರಾಗುವುದಿಲ್ಲ. ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಬೇಕು. ಕೊಟ್ಟ ರಕ್ತದ ಪ್ರತಿ ಚೀಲದೊಂದಿಗೆ 200 ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣ ದೇಹಕ್ಕೆ ಸೇರುತ್ತದೆ, ಅದು ಹೃದಯ, ಯಕೃತ್ತುಗಳಲ್ಲಿ ಕೂತು ಕೆಡಿಸುತ್ತದೆ. ರಕ್ತ ಕೊಡುವ ಅಂತರ ಒಂದು ವಾರ ಹೆಚ್ಚಿದರೂ ಆ ಮನೆಗೆ ಹಬ್ಬ.

ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಮಕ್ಕಳ ತಜ್ಞರು ಹುಲ್ಲಿನ ರಸದಿಂದ ರಕ್ತದ ಅಗತ್ಯ ತಗ್ಗುತ್ತದೆಂಬ ಈ ತಂದೆತಾಯಿಗಳ ಮಾತನ್ನು ತಳ್ಳಿಹಾಕದೆ ಪರೀಕ್ಷಿಸಿದ್ದು ಮೆಚ್ಚಬೇಕಾದ ಕೆಲಸ. ಮಕ್ಕಳು ಮನೆಯಲ್ಲಿ ಬೆಳೆದ ಹುಲ್ಲಿನ ಸುಮಾರು 100 ಮಿಲಿಲೀಟರ್ ರಸ ದಿನವೂ ಕುಡಿದರು. 2004ರಲ್ಲಿ ಇಂಡಿಯನ್ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ವರದಿಯಂತೆ, ವಿಶ್ಲೇಷಣೆಗೆ ಸಿಕ್ಕ 16 ಮಕ್ಕಳಲ್ಲಿ 8 ಮಂದಿಗೆ ರಕ್ತದ ಅಗತ್ಯ ಶೇ. 25ಕ್ಕಿಂತ ಹೆಚ್ಚು ತಗ್ಗಿತು. ಇದು ಸಣ್ಣ ಪ್ರಾಥಮಿಕ ಅಧ್ಯಯನ. ರಸ ಕುಡಿಯದ ಮಕ್ಕಳ ಪ್ರತ್ಯೇಕ ಗುಂಪು ಇರಲಿಲ್ಲ, ಪ್ರತಿ ಮಗುವನ್ನೂ ಅದರದೇ ಹಿಂದಿನ ವರ್ಷಕ್ಕೆ ಹೋಲಿಸಲಾಗಿತ್ತು. ಆಮೇಲೆ 2009ರಲ್ಲಿ ಮತ್ತೊಂದು ಭಾರತೀಯ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಆ ಪ್ರಯೋಜನ ಕಾಣಲಿಲ್ಲ. ಒಂದು ಆಶಾದಾಯಕ ಫಲಿತಾಂಶ ಬಂದಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಅದು ಮತ್ತೆ ಸಿಗದಿದ್ದಾಗ ಯಾರೂ ಬರೆಯುವುದಿಲ್ಲ, ತಂದೆತಾಯಿಗಳಿಗೆ ತಿಳಿಯುವುದೂ ಇಲ್ಲ.

ಉತ್ತಮವಾಗಿ ರೂಪಿಸಿದ ಒಂದು ಪ್ರಯೋಗ ಇಸ್ರೇಲ್‌ನಲ್ಲಿ ನಡೆಯಿತು. ದೊಡ್ಡ ಕರುಳಿನ ಕೆಳಭಾಗದಲ್ಲಿ ಹುಣ್ಣಾಗಿ ರಕ್ತ ಹೋಗುವ ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆಯ 23 ರೋಗಿಗಳಲ್ಲಿ ಕೆಲವರಿಗೆ ಗೋಧಿಹುಲ್ಲಿನ ರಸ, ಕೆಲವರಿಗೆ ಅದರಂತೆ ಕಾಣುವ ಬೇರೆ ಪಾನೀಯವನ್ನು ತಿಂಗಳ ಕಾಲ ಕೊಟ್ಟರು. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ರಸ ಕುಡಿದವರಲ್ಲಿ ರಕ್ತಸ್ರಾವ ಮತ್ತು ರೋಗದ ತೀವ್ರತೆ ತಗ್ಗಿತೆಂದು 2002ರಲ್ಲಿ ವರದಿಯಾಯಿತು. ಇದಕ್ಕೆ ಬೆಲೆ ಇದೆ. ಆದರೆ ಇಷ್ಟು ಕಡಿಮೆ ರೋಗಿಗಳ, ಒಂದೇ ತಿಂಗಳ ಪ್ರಯೋಗದ ಮೇಲೆ ಚಿಕಿತ್ಸೆ ಕಟ್ಟಲಾಗದು. ದೊಡ್ಡ ಪ್ರಯೋಗ ನಡೆಯಬೇಕು. ಪೇಟೆಂಟ್ ಸಿಗದ ಹುಲ್ಲಿನ ಮೇಲೆ ಹಣ ಹಾಕಲು ಔಷಧ ಕಂಪನಿಗಳು ಮುಂದಾಗುವುದಿಲ್ಲ. ಇಂಥ ಕೆಲಸ ಸರ್ಕಾರಿ ಸಂಶೋಧನಾ ಸಂಸ್ಥೆಗಳದು.

ಕುಡಿಯಲೇಬೇಕೆನ್ನುವವರು ಕೆಲವು ವಿಷಯ ತಿಳಿದಿರಬೇಕು. ಬೆಚ್ಚಗೆ, ತೇವದಲ್ಲಿ ಬೆಳೆಯುವ ಸಸಿಯಲ್ಲಿ ಬೂಷ್ಟು, ಬ್ಯಾಕ್ಟೀರಿಯಗಳೂ ಬೆಳೆಯುತ್ತವೆ, ರಸವನ್ನು ಕುದಿಸುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಕಲುಷಿತ ಮೆಂತ್ಯದ ಮೊಳಕೆ ತಿಂದು 50ಕ್ಕೂ ಹೆಚ್ಚು ಜನ ಸತ್ತರು. ಟ್ರೇಗಳನ್ನು ತೊಳೆದು ಒಣಗಿಸಿ, ಬೂಷ್ಟು ಕಂಡ ಹುಲ್ಲನ್ನು ಎಸೆದುಬಿಡಿ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ರಸದಿಂದ ದೂರವಿರುವುದು ಮೇಲು. ಗೋಧಿಯ ಗ್ಲುಟೆನ್ ಎಂಬ ಪ್ರೋಟೀನು ಇರುವುದು ಕಾಳಿನಲ್ಲಿ, ಎಲೆಯಲ್ಲಿ ಅಲ್ಲ. ಆದರೆ ಕೊಯ್ಯುವಾಗ ಒಂದೆರಡು ಕಾಳು ಸೇರಿದರೂ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗಳಿಗೆ ತೊಂದರೆಯಾಗುತ್ತದೆ.

ಗೋಧಿಹುಲ್ಲು ಒಂದು ಒಳ್ಳೆಯ ಸೊಪ್ಪು, ಅದಕ್ಕಿಂತ ಹೆಚ್ಚೇನಲ್ಲ ಎಂಬುದು ಇದುವರೆಗಿನ ಸಾಕ್ಷ್ಯದ ತೀರ್ಪು. ದಂಟು, ಹರಿವೆ, ನುಗ್ಗೆ, ಬಸಳೆ, ಮೆಂತ್ಯ ಸೊಪ್ಪುಗಳನ್ನು ಬಸ್ಸಾರು, ಮಸ್ಸೊಪ್ಪು, ಪಲ್ಯ ಮಾಡಿ ತಿನ್ನುವ ಮನೆಗೆ ಈ ರಸದಿಂದ ಹೊಸದಾಗಿ ಸಿಗುವುದು ಬಹಳ ಕಡಿಮೆ. ಆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಸಿ ಜೀವಸತ್ವದ ನೆರವಿನಿಂದ ಸೊಪ್ಪಿನ ಕಬ್ಬಿಣ ಇನ್ನಷ್ಟು ದೇಹಕ್ಕೆ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ರಸ ಇಷ್ಟವಾದರೆ ಧಾರಾಳವಾಗಿ ಕುಡಿಯಿರಿ. ಆದರೆ ಮಗುವಿಗೆ ರಕ್ತ ಕೊಡಿಸುವ ದಿನವನ್ನು ಅದರ ನಂಬಿಕೆಯ ಮೇಲೆ ಮುಂದೂಡಬೇಡಿ, ಇನ್ಸುಲಿನ್‌ನ ಒಂದು ಯೂನಿಟ್ಟನ್ನೂ ನಿಮ್ಮಷ್ಟಕ್ಕೆ ನೀವೇ ಕಡಿಮೆ ಮಾಡಬೇಡಿ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುತ್ತಿದ್ದರೆ ಯಾವ ಹಸಿರು ರಸವನ್ನು ಶುರುಮಾಡುವ ಮೊದಲೂ ನಿಮ್ಮ ವೈದ್ಯರಿಗೆ ಹೇಳಿ.